ಸೀಸದ ವಿರುದ್ಧ ಹೋರಾಡಿದ ವಿಜ್ಞಾನಿ: ಕ್ಲೇರ್ ಪ್ಯಾಟರ್ಸನ್



ನಮ್ಮ ಹಿರಿಯರು ಪೆನ್ಸಿಲ್ಲನ್ನು ಸೀಸದ ಕಡ್ಡಿ ಎಂದು ಕರೆಯುತ್ತಿದ್ದರು. ಕನ್ನಡದಲ್ಲಿ ಸೀಸ, ಉರ್ದುವಿನಲ್ಲಿ ಸೀಸಾ. ಎರಡು ಭಾಷೆಗಳಲ್ಲೂ ಹೆಸರು ಹೆಚ್ಚುಕಡಿಮೆ ಒಂದೇ. ಆದರೆ ನಿಮಗೆ ಗೊತ್ತೇ? ಪೆನ್ಸಿಲ್ಲಿನ ಕಪ್ಪು ಕಡ್ಡಿಯಲ್ಲಿ ಸೀಸ ಇಲ್ಲವೇ ಇಲ್ಲ. ಅದು ಗ್ರಾಫೈಟ್, ಅಂದರೆ ಇಂಗಾಲದ ಒಂದು ರೂಪ. ಹೆಸರಿನಲ್ಲಿ ಸೀಸವಿದ್ದು ವಸ್ತುವಿನಲ್ಲಿ ಇಲ್ಲದಿರುವುದಕ್ಕೆ ಇದೊಂದು ಉದಾಹರಣೆ.

ಇದಕ್ಕೆ ತದ್ವಿರುದ್ಧವಾದ ಕಥೆಯೊಂದನ್ನು ನಾನು ಇಂದು ನಿಮ್ಮ ಮುಂದೆ ಇಡುತ್ತೇನೆ. ಇಪ್ಪತ್ತನೆಯ ಶತಮಾನದಲ್ಲಿ ಸೀಸವು ಯಾರಿಗೂ ಕಾಣದಂತೆ ಉಸಿರಾಡುವ ಗಾಳಿಯಲ್ಲಿ, ಕುಡಿಯುವ ನೀರಿನಲ್ಲಿ, ಡಬ್ಬಿಯ ಆಹಾರದಲ್ಲಿ, ಮಕ್ಕಳ ರಕ್ತದಲ್ಲಿ ಸೇರಿಕೊಂಡಿತ್ತು. ದೊಡ್ಡ ದೊಡ್ಡ ತಜ್ಞರು ಅದು ಸಹಜವೆಂದೇ ತಿಳಿದಿದ್ದರು. ಅದು ಸಹಜವಲ್ಲ, ಮನುಷ್ಯನೇ ಮಾಡಿದ ಮಾಲಿನ್ಯ ಎಂದು ಅಳತೆಯ ಮೂಲಕ ತೋರಿಸಿಕೊಟ್ಟ ವಿಜ್ಞಾನಿಯೇ ಅಮೆರಿಕದ ಕ್ಲೇರ್ ಕ್ಯಾಮರಾನ್ ಪ್ಯಾಟರ್ಸನ್. ಭೂಮಿಯ ವಯಸ್ಸನ್ನು ಖಚಿತವಾಗಿ ಲೆಕ್ಕ ಹಾಕಿದವರೂ ಇವರೇ. ಈ ಎರಡು ಸಾಧನೆಗಳು ಬೇರೆ ಬೇರೆಯಲ್ಲ. ಒಂದರಿಂದಲೇ ಇನ್ನೊಂದು ಹುಟ್ಟಿತು. ಹೇಗೆಂಬುದನ್ನು ನೋಡೋಣ ಬನ್ನಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪ್ಯಾಟರ್ಸನ್ ಅವರು 1922ರ ಜೂನ್ 2ರಂದು ಅಮೆರಿಕದ ಅಯೋವಾ ರಾಜ್ಯದ ಮಿಚೆಲ್‌ವಿಲ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಸುತ್ತಲೂ ಹೊಲಗದ್ದೆಗಳಿದ್ದ ಊರು ಅದು. ತಂದೆ ಅಂಚೆ ಇಲಾಖೆಯ ನೌಕರರು. ತಾಯಿ ಊರಿನ ಶಾಲಾ ಮಂಡಳಿಯಲ್ಲಿ ಕೆಲಸ ಮಾಡಿದವರು. ಮಗ ಚಿಕ್ಕವನಿದ್ದಾಗ ತಾಯಿ ಅವನಿಗೆ ರಸಾಯನಶಾಸ್ತ್ರದ ಪ್ರಯೋಗಗಳ ಪೆಟ್ಟಿಗೆಯೊಂದನ್ನು ತಂದುಕೊಟ್ಟರು. ಆ ಪೆಟ್ಟಿಗೆಯೇ ಬಾಲಕನ ದಾರಿಯನ್ನು ನಿರ್ಧರಿಸಿತು ಎನ್ನಬಹುದು. ಪಾಲಕರು ಇದನ್ನು ಗಮನಿಸಬೇಕು. ಮಕ್ಕಳಿಗೆ ನಾವು ಕೊಡುವ ಒಂದು ಸಣ್ಣ ವಸ್ತು ಅವರ ಇಡೀ ಜೀವನವನ್ನು ಬದಲಾಯಿಸಬಲ್ಲದು.

ಗ್ರಿನೆಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ 1943ರಲ್ಲಿ ಪದವಿ ಪಡೆದರು. ಮುಂದೆ ಜೀವನಸಂಗಾತಿಯಾದ ಲೋರ್ನಾ ಅವರ ಪರಿಚಯವಾದದ್ದೂ ಇದೇ ಕಾಲೇಜಿನಲ್ಲಿ. ಮರುವರ್ಷವೇ ಅಯೋವಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ದಂಪತಿಗಳಿಬ್ಬರೂ ಅಣುಬಾಂಬ್ ಯೋಜನೆಯ ಕೆಲಸಕ್ಕೆ ಸೇರಿದರು. ಟೆನೆಸ್ಸಿ ರಾಜ್ಯದ ಓಕ್ ರಿಡ್ಜ್‌ನಲ್ಲಿ ಯುರೇನಿಯಂ ಬೇರ್ಪಡಿಸುವ ಕಾರ್ಯದಲ್ಲಿ ಪ್ಯಾಟರ್ಸನ್ ಅವರು ದುಡಿದರು. ಈ ಕೆಲಸದಲ್ಲಿ ಪಾಲ್ಗೊಂಡದ್ದಕ್ಕಾಗಿ ಅವರು ಮುಂದೆ ವಿಷಾದಪಟ್ಟರು. ಆದರೆ ಅಲ್ಲಿ ಅವರ ಕೈಗೆ ಒಂದು ಉಪಕರಣ ಪರಿಚಯವಾಯಿತು. ಅದೇ ಮಾಸ್ ಸ್ಪೆಕ್ಟ್ರೋಮೀಟರ್. ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು ವಿಂಗಡಿಸಿ ಅಳೆಯುವ ಯಂತ್ರ ಅದು. ಯುದ್ಧ ಮುಗಿದ ಮೇಲೆ ಪ್ಯಾಟರ್ಸನ್ ಅವರು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಮರಳಿ ಹ್ಯಾರಿಸನ್ ಬ್ರೌನ್ ಎಂಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಸಂಶೋಧನೆ ಆರಂಭಿಸಿದರು.

ಕಲ್ಲಿನೊಳಗಿನ ಗಡಿಯಾರ

ಬ್ರೌನ್ ಅವರು ಕೊಟ್ಟ ವಿಷಯ ಇದು: ಕಲ್ಲುಗಳ ವಯಸ್ಸನ್ನು ಸೀಸದಿಂದ ಕಂಡುಹಿಡಿಯುವುದು. ಯುರೇನಿಯಂ ಎಂಬ ಧಾತು ತಾನಾಗಿಯೇ ನಿಧಾನವಾಗಿ ಕ್ಷಯಿಸುತ್ತಾ ಕೊನೆಗೆ ಸೀಸವಾಗುತ್ತದೆ. ಈ ಬದಲಾವಣೆಯ ವೇಗ ನಿಶ್ಚಿತ. ಯುರೇನಿಯಂ 238ರ ಅರ್ಧ ಭಾಗ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಆದ್ದರಿಂದ ಒಂದು ಕಲ್ಲಿನಲ್ಲಿ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಹುಟ್ಟಿದೆ ಎಂದು ಅಳೆದರೆ ಆ ಕಲ್ಲು ಎಂದು ಉಂಟಾಯಿತೆಂದು ತಿಳಿಯುತ್ತದೆ. ಮರಳು ಗಡಿಯಾರದಲ್ಲಿ ಮೇಲೆ ಉಳಿದ ಮರಳು, ಕೆಳಗೆ ಬಿದ್ದ ಮರಳು ಎರಡನ್ನೂ ನೋಡಿ ಸಮಯ ಹೇಳಿದ ಹಾಗೆ.

ಜಿರ್ಕಾನ್ ಎಂಬ ಖನಿಜದ ಅತಿ ಸಣ್ಣ ಹರಳುಗಳನ್ನು ಪರೀಕ್ಷೆಗೆ ತೆಗೆದುಕೊಂಡರು. ಸಹಪಾಠಿ ಜಾರ್ಜ್ ಟಿಲ್ಟನ್ ಯುರೇನಿಯಂ ಅಳೆಯಬೇಕು, ಪ್ಯಾಟರ್ಸನ್ ಸೀಸ ಅಳೆಯಬೇಕು. ಮೊದಲೇ ವಯಸ್ಸು ಗೊತ್ತಿದ್ದ ಕಲ್ಲಿನಿಂದಲೇ ಆರಂಭಿಸಿದ್ದರಿಂದ ಎಷ್ಟು ಸೀಸ ಸಿಗಬೇಕೆಂಬುದೂ ಮೊದಲೇ ತಿಳಿದಿತ್ತು. ಟಿಲ್ಟನ್ ಅವರ ಲೆಕ್ಕ ಸರಿಬಂತು. ಪ್ಯಾಟರ್ಸನ್ ಅವರ ಲೆಕ್ಕ ಮಾತ್ರ ಸರಿಬರಲಿಲ್ಲ. ಸಿಗಬೇಕಾದದ್ದಕ್ಕಿಂತ ಬಹಳ ಹೆಚ್ಚು ಸೀಸ ಪ್ರತಿ ಸಲವೂ ಸಿಗುತ್ತಿತ್ತು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ಇಂಥ ಸಂದರ್ಭದಲ್ಲಿ ನಾವು ಏನು ಮಾಡುತ್ತೇವೆ? ನನ್ನ ಅನುಭವವನ್ನೇ ಹೇಳುತ್ತೇನೆ. ನಾನು ಪಿಯುಸಿ ಓದುವಾಗ ಪ್ರಯೋಗ ಪರೀಕ್ಷೆಯಲ್ಲಿ ನನ್ನ ಅಳತೆ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲ. ನಾನು ಪಕ್ಕದವನ ಅಂಕಿಗಳನ್ನು ನೋಡಿ ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡೆ. ಪೂರ್ಣ ಅಂಕವೂ ಬಂತು. ನನ್ನ ಅಳತೆ ಏಕೆ ತಪ್ಪಾಯಿತೆಂದು ಮಾತ್ರ ನನಗೆ ಇಂದಿಗೂ ತಿಳಿಯದು. ನಾನು ವಿಜ್ಞಾನ ಬಿಟ್ಟು ಭಾಷೆಗಳ ಶಿಕ್ಷಕನಾದೆ. ಆದರೆ ಆ ದಿನದ ಕಳ್ಳ ಅಂಕಿ ಈಗಲೂ ಮನಸ್ಸನ್ನು ಚುಚ್ಚುತ್ತದೆ.

ಪ್ಯಾಟರ್ಸನ್ ಹಾಗೆ ಮಾಡಲಿಲ್ಲ. ತಪ್ಪಾದ ಅಂಕಿಯ ಬೆನ್ನು ಹತ್ತಿದರು. ಹೆಚ್ಚಿನ ಸೀಸ ಎಲ್ಲಿಂದ ಬರುತ್ತಿದೆ? ಹುಡುಕುತ್ತಾ ಹೋದಂತೆ ಅದು ಎಲ್ಲ ಕಡೆಯಿಂದಲೂ ಬರುತ್ತಿರುವುದು ತಿಳಿಯಿತು. ಗಾಜಿನ ಪಾತ್ರೆಯಲ್ಲಿ ಸೀಸ, ನಲ್ಲಿಯ ನೀರಿನಲ್ಲಿ ಸೀಸ, ಅಂಗಡಿಯಿಂದ ತಂದ ಶುದ್ಧ ರಾಸಾಯನಿಕಗಳಲ್ಲಿ ಸೀಸ, ಕೋಣೆಯ ಧೂಳಿನಲ್ಲಿ ಸೀಸ, ಮನುಷ್ಯನ ಕೂದಲಿನಲ್ಲಿ, ಚರ್ಮದಲ್ಲಿ ಸಹ ಸೀಸ. ಅವರು ಪಾತ್ರೆಗಳನ್ನು ಆಮ್ಲದಲ್ಲಿ ಕುದಿಸಿ ತೊಳೆದರು. ರಾಸಾಯನಿಕಗಳನ್ನು ತಾವೇ ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧಗೊಳಿಸಿದರು. ನೆಲ, ಮೇಜುಗಳನ್ನು ಉಜ್ಜಿ ಉಜ್ಜಿ ಒರೆಸಿದರು. ಈ ಕೆಲಸದಲ್ಲೇ ವರ್ಷಗಳು ಉರುಳಿದವು. 1951ರಲ್ಲಿ ಪಿಎಚ್.ಡಿ. ಪದವಿ ದೊರೆಯಿತು.

ಭೂಮಿಯ ವಯಸ್ಸು

1952ರಲ್ಲಿ ಗುರು ಬ್ರೌನ್ ಅವರ ಜೊತೆ ಪ್ಯಾಟರ್ಸನ್ ಅವರು ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ, ಅಂದರೆ ಕ್ಯಾಲ್‌ಟೆಕ್‌ಗೆ ಬಂದರು. ಇಲ್ಲಿ ತಮಗೆ ಬೇಕಾದಂತಹ ಪ್ರಯೋಗಾಲಯವನ್ನು ಕಟ್ಟಿಸಿಕೊಂಡರು. ಒಳಗೆ ಬರುವ ಗಾಳಿಯನ್ನು ಸೋಸಲಾಗುತ್ತಿತ್ತು. ಬಾಗಿಲು ತೆರೆದಾಗ ಹೊರಗಿನ ಧೂಳು ಒಳಗೆ ಬಾರದಂತೆ ಒಳಗಿನ ಗಾಳಿಯ ಒತ್ತಡವನ್ನು ಹೆಚ್ಚಾಗಿ ಇಡಲಾಗುತ್ತಿತ್ತು. ಇಂದು ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಗಳಲ್ಲಿ ಕಾಣುವಂತಹ ಅತಿಶುದ್ಧ ಕೋಣೆಯ ಮಾದರಿಗಳಲ್ಲಿ ಇದು ಬಹಳ ಮುಂಚಿನದು.

ಭೂಮಿಯ ಮೇಲಿನ ಕಲ್ಲುಗಳು ಕರಗಿ, ಸವೆದು, ಮತ್ತೆ ಹುಟ್ಟುತ್ತಿರುತ್ತವೆ. ಭೂಮಿ ಹುಟ್ಟಿದಾಗಿನ ಕಲ್ಲು ಹಾಗೆಯೇ ಸಿಗುವುದು ಕಷ್ಟ. ಆದ್ದರಿಂದ ಭೂಮಿಯ ಜೊತೆಯಲ್ಲೇ ಹುಟ್ಟಿದ ಉಲ್ಕಾಶಿಲೆಗಳನ್ನು ಅವರು ಆಯ್ದುಕೊಂಡರು. ಅರಿಜೋನಾ ರಾಜ್ಯದಲ್ಲಿ ಸುಮಾರು 50 ಸಾವಿರ ವರ್ಷಗಳ ಹಿಂದೆ ಬಿದ್ದ ಕ್ಯಾನ್ಯನ್ ಡಯಾಬ್ಲೊ ಎಂಬ ಕಬ್ಬಿಣದ ಉಲ್ಕೆಯಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದರಲ್ಲಿರುವ ಸೀಸವು ಸೌರಮಂಡಲ ಹುಟ್ಟಿದಾಗಿನ ಮೂಲ ಸೀಸವೇ ಆಗಿದೆ. ಅಂದರೆ ಗಡಿಯಾರದ ಆರಂಭದ ಗುರುತು ಸಿಕ್ಕಿತು. ಯುರೇನಿಯಂ ಇರುವ ಬೇರೆ ಉಲ್ಕೆಗಳ ಸೀಸವನ್ನು ಇದರೊಂದಿಗೆ ಹೋಲಿಸಿದರೆ ಕಳೆದ ಕಾಲ ತಿಳಿಯುತ್ತದೆ.

1953ರಲ್ಲಿ ಶಿಕಾಗೋ ಹತ್ತಿರದ ಆರ್ಗಾನ್ ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅವರು ಈ ಸೀಸವನ್ನು ಅಳೆದರು. ಉತ್ತರ ಸಿಕ್ಕಾಗ ಅವರಿಗೆ ಎಷ್ಟು ಉದ್ವೇಗವಾಯಿತೆಂದರೆ, ಅಯೋವಾದ ತಾಯಿಯ ಮನೆಗೆ ಬಂದವರು ತಮಗೆ ಹೃದಯಾಘಾತವೇ ಆಗುತ್ತಿದೆಯೆಂದು ತಿಳಿದು ಆಸ್ಪತ್ರೆಗೆ ಕರೆದೊಯ್ಯುವಂತೆ ತಾಯಿಯನ್ನು ಕೇಳಿಕೊಂಡರಂತೆ. 1956ರಲ್ಲಿ ಅಂತಿಮ ಪ್ರಬಂಧ ಪ್ರಕಟವಾಯಿತು. ಭೂಮಿಯ ವಯಸ್ಸು 455 ಕೋಟಿ ವರ್ಷ, ಏಳು ಕೋಟಿ ಹೆಚ್ಚು ಅಥವಾ ಕಡಿಮೆ. ಅಂದಿನಿಂದ ಎಷ್ಟೋ ಹೊಸ ಉಪಕರಣಗಳು ಬಂದಿವೆ. ಆದರೂ ಇಂದು ಒಪ್ಪಿರುವ ಅಂಕಿ ಸುಮಾರು 454 ಕೋಟಿ ವರ್ಷ. ಪ್ಯಾಟರ್ಸನ್ ಅವರ ಅಳತೆ ಎಷ್ಟು ಶುದ್ಧವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಪೆಟ್ರೋಲಿನಲ್ಲಿ ಬೆರೆತ ವಿಷ

ಇಷ್ಟಕ್ಕೇ ಅವರು ಸುಮ್ಮನಾಗಬಹುದಿತ್ತು. ಜಗತ್ತಿನಲ್ಲಿ ಹೆಸರು ಉಳಿಯಲು ಭೂಮಿಯ ವಯಸ್ಸೊಂದೇ ಸಾಕಾಗಿತ್ತು. ಆದರೆ ಅವರ ಮನಸ್ಸಿನಲ್ಲಿ ಹಳೆಯ ಪ್ರಶ್ನೆ ಉಳಿದಿತ್ತು. ಪ್ರಯೋಗಾಲಯಕ್ಕೆ ನುಗ್ಗುತ್ತಿದ್ದ ಆ ಸೀಸವೆಲ್ಲ ಬಂದದ್ದು ಎಲ್ಲಿಂದ?

ಉತ್ತರ ತಿಳಿಯಲು ನಾವು 1921ಕ್ಕೆ ಹೋಗಬೇಕು. ಆ ವರ್ಷದ ಡಿಸೆಂಬರ್‌ನಲ್ಲಿ ಜನರಲ್ ಮೋಟರ್ಸ್ ಕಂಪನಿಯ ಥಾಮಸ್ ಮಿಜ್ಲಿ ಎಂಬ ಇಂಜಿನಿಯರ್ ಒಂದು ಸಂಗತಿ ಕಂಡುಹಿಡಿದರು. ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಸ್ವಲ್ಪ ಬೆರೆಸಿದರೆ ಇಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ, ಶಕ್ತಿ ಹೆಚ್ಚುತ್ತದೆ. 1923ರಲ್ಲಿ ಇದು ಮಾರಾಟಕ್ಕೆ ಬಂತು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೆ ಒಳಗಾಗಿ ಸತ್ತರು. ಗದ್ದಲವಾಗಿ ಮಾರಾಟ ಕೆಲಕಾಲ ನಿಂತಿತು. ಆಮೇಲೆ ಮತ್ತೆ ಆರಂಭವಾಯಿತು. ಮುಂದಿನ ನಾಲ್ಕು ದಶಕಗಳ ಕಾಲ ಕೋಟ್ಯಂತರ ವಾಹನಗಳ ಹೊಗೆಯಿಂದ ಸೀಸದ ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತಾ ಹೋದವು.

ಸೀಸವು ದೇಹದೊಳಗೆ ಹೋದರೆ ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಮೂಳೆಗಳಲ್ಲಿ ಹೋಗಿ ಕುಳಿತು ದಶಕಗಳ ಕಾಲ ಉಳಿಯುತ್ತದೆ. ಬೆಳೆಯುವ ಮಗುವಿನ ಮೆದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಇಷ್ಟು ಪ್ರಮಾಣದವರೆಗೆ ಸೀಸ ಸುರಕ್ಷಿತ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ. ಆದರೆ ಅಂದಿನ ನಂಬಿಕೆಯೇ ಬೇರೆ. ಸಿನ್ಸಿನಾಟಿಯ ಡಾ. ರಾಬರ್ಟ್ ಕೆಹೋ ಅವರು ಸೀಸದ ವಿಷಯದಲ್ಲಿ ಅಮೆರಿಕದ ಅತಿ ದೊಡ್ಡ ತಜ್ಞರೆನಿಸಿದ್ದರು. ಸೀಸದ ಪೆಟ್ರೋಲ್ ತಯಾರಿಸುವ ಈಥೈಲ್ ಕಂಪನಿಯ ವೈದ್ಯಕೀಯ ಸಲಹೆಗಾರರೂ ಅವರೇ. ಎಲ್ಲ ಮನುಷ್ಯರ ದೇಹದಲ್ಲೂ ಸ್ವಲ್ಪ ಸೀಸ ಇದ್ದೇ ಇರುತ್ತದೆ, ಅದು ಸಹಜ, ಒಂದು ಡೆಸಿಲೀಟರ್ ರಕ್ತದಲ್ಲಿ 80 ಮೈಕ್ರೋಗ್ರಾಂ ದಾಟುವವರೆಗೆ ಅಪಾಯವಿಲ್ಲ ಎಂಬುದು ಅವರ ವಾದ.

ಸಮುದ್ರದಲ್ಲಿ, ಹಿಮದಲ್ಲಿ ಸಾಕ್ಷಿ

ಪ್ಯಾಟರ್ಸನ್ ಅವರು ಮೊದಲು ಸಮುದ್ರದ ನೀರನ್ನು ಅಳೆದರು. ಸಾಗರದ ಆಳದ ನೀರಿಗಿಂತ ಮೇಲ್ಪದರದ ನೀರಿನಲ್ಲಿ ಸೀಸ ಎಷ್ಟೋ ಪಟ್ಟು ಹೆಚ್ಚಾಗಿತ್ತು. ಮೇಲಿನ ನೀರು ಆಳಕ್ಕೆ ಇಳಿಯಲು ನೂರಾರು ವರ್ಷ ಬೇಕು. ಹಾಗಾದರೆ ಮೇಲಿನ ಸೀಸ ಇತ್ತೀಚೆಗೆ ಗಾಳಿಯಿಂದ ಬಿದ್ದದ್ದು. 1963ರಲ್ಲಿ ಸಹೋದ್ಯೋಗಿ ತತ್ಸುಮೊಟೊ ಅವರೊಂದಿಗೆ ಈ ವಿಷಯವನ್ನು ಪ್ರಕಟಿಸಿದರು.

1965ರಲ್ಲಿ ಇನ್ನೂ ದಿಟ್ಟವಾದ ಪ್ರಬಂಧ ಬಂತು. ಸಾಮಾನ್ಯ ಅಮೆರಿಕನ್ನನ ದೇಹದಲ್ಲಿರುವ ಸೀಸವು ಪ್ರಕೃತಿ ಸಹಜ ಪ್ರಮಾಣಕ್ಕಿಂತ ಸುಮಾರು 100 ಪಟ್ಟು ಹೆಚ್ಚು ಎಂದು ಅವರು ಲೆಕ್ಕ ಕೊಟ್ಟರು. ಕೆಹೋ ಅವರ ತಪ್ಪು ಎಲ್ಲಿದೆಯೆಂಬುದನ್ನೂ ತೋರಿಸಿದರು. ಎಲ್ಲರಲ್ಲೂ ಇರುವುದೆಲ್ಲ ಸಹಜವಲ್ಲ. ಊರಿಗೆಲ್ಲ ಜ್ವರ ಬಂದರೆ ಜ್ವರದ ಮೈಬಿಸಿಯೇ ಸಹಜ ಎಂದಂತಾಯಿತು. ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತರ ಮೈಯಲ್ಲೇ ಸೀಸ ತುಂಬಿದ್ದರೆ ಹೋಲಿಕೆಗೆ ಅರ್ಥವೆಲ್ಲಿ?

ಹಾಗಾದರೆ ಮಾಲಿನ್ಯವಾಗುವ ಮುಂಚಿನ ಜಗತ್ತನ್ನು ಎಲ್ಲಿ ಹುಡುಕುವುದು? ಅದು ಧ್ರುವ ಪ್ರದೇಶದ ಹಿಮದಲ್ಲಿತ್ತು. ಅಲ್ಲಿ ಪ್ರತಿ ವರ್ಷ ಬಿದ್ದ ಹಿಮ ಪದರ ಪದರವಾಗಿ ಉಳಿಯುತ್ತದೆ. ಆಯಾ ವರ್ಷದ ಗಾಳಿಯಲ್ಲಿದ್ದ ಧೂಳೂ ಅದರಲ್ಲೇ ಉಳಿಯುತ್ತದೆ. ಹಳೆಯ ದಫ್ತರದ ಪುಟಗಳಿದ್ದಂತೆ. 1960ರ ದಶಕದಲ್ಲಿ ಪ್ಯಾಟರ್ಸನ್ ಅವರ ತಂಡ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾಗಳಿಗೆ ಹೋಯಿತು. ಕೊರೆಯುವ ಚಳಿಯಲ್ಲಿ, ಶುದ್ಧಗೊಳಿಸಿದ ಪ್ಲಾಸ್ಟಿಕ್ ಕೈಗವಸು ತೊಟ್ಟು, ತಮ್ಮ ಮೈಯ ಒಂದು ಕಣವೂ ಬೀಳದಂತೆ ಎಚ್ಚರ ವಹಿಸಿ ಹಿಮದ ಗಡ್ಡೆಗಳನ್ನು ಕತ್ತರಿಸಿ ತಂದರು. 1969ರಲ್ಲಿ ಮುರೊಜುಮಿ ಮತ್ತು ಚೌ ಅವರೊಂದಿಗೆ ಪ್ರಕಟಿಸಿದ ಫಲಿತಾಂಶ ಇದು: ಕ್ರಿ.ಪೂ. 800ರ ಹಿಮಕ್ಕಿಂತ 1965ರ ಗ್ರೀನ್‌ಲ್ಯಾಂಡ್ ಹಿಮದಲ್ಲಿ ಸೀಸ 200 ಪಟ್ಟಿಗಿಂತ ಹೆಚ್ಚು. ಅತಿ ಕಡಿದಾದ ಏರಿಕೆ 1940ರ ನಂತರದ್ದು. ವಾಹನಗಳೇ ಇಲ್ಲದ ಹಿಮದ ನಾಡಿಗೂ ವಾಹನಗಳ ಹೊಗೆ ತಲುಪಿತ್ತು.

ಒಂಟಿ ಹೋರಾಟ

ಸತ್ಯ ಹೇಳಿದವನಿಗೆ ಕೂಡಲೇ ಹಾರ ಹಾಕುತ್ತಾರೆಂದು ಯಾರೂ ತಿಳಿಯಬಾರದು. ಪ್ಯಾಟರ್ಸನ್ ಅವರ ಸಮುದ್ರ ಸಂಶೋಧನೆಗೆ ಹಣ ಕೊಡುತ್ತಿದ್ದುದು ಪೆಟ್ರೋಲಿಯಂ ಉದ್ಯಮದ ಸಂಸ್ಥೆಯೇ. ಆ ಹಣ ನಿಂತಿತು. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯೂ ತನ್ನ ಒಪ್ಪಂದವನ್ನು ಮುಂದುವರಿಸಲಿಲ್ಲ. ಭೂಮಿಯ ವಯಸ್ಸು ಕಂಡುಹಿಡಿದವನಿಗೆ ವೈದ್ಯಕೀಯ ವಿಷಯದಲ್ಲಿ ಏನು ಗೊತ್ತು ಎಂದು ಟೀಕಿಸಿದವರೂ ಇದ್ದರು.

1966ರ ಜೂನ್‌ನಲ್ಲಿ ಸೆನೆಟರ್ ಎಡ್ಮಂಡ್ ಮಸ್ಕಿ ಅವರ ಸಮಿತಿಯ ಮುಂದೆ ಕೆಹೋ ಹಾಗೂ ಪ್ಯಾಟರ್ಸನ್ ಇಬ್ಬರೂ ಹೇಳಿಕೆ ಕೊಟ್ಟರು. ಜನರ ಆರೋಗ್ಯ ಕಾಯಬೇಕಾದ ಇಲಾಖೆಗಳು ಸೀಸದ ಉದ್ಯಮದವರ ಮಾಹಿತಿಯನ್ನೇ ನೆಚ್ಚಿಕೊಂಡಿರುವುದು ತಪ್ಪು ಎಂದು ಪ್ಯಾಟರ್ಸನ್ ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಆದರೂ 1971ರಲ್ಲಿ ಗಾಳಿಯಲ್ಲಿನ ಸೀಸದ ಬಗ್ಗೆ ರಾಷ್ಟ್ರೀಯ ಸಂಶೋಧನಾ ಮಂಡಳಿ ವರದಿ ತಂದಾಗ, ಆ ವಿಷಯದಲ್ಲಿ ಅತಿ ಹೆಚ್ಚು ತಿಳಿದಿದ್ದ ಪ್ಯಾಟರ್ಸನ್ ಅವರಿಗೆ ತಜ್ಞರ ಸಮಿತಿಯಲ್ಲಿ ಜಾಗವಿರಲಿಲ್ಲ.

ಅವರು ಧೈರ್ಯಗೆಡಲಿಲ್ಲ, ಅಳೆಯುವುದನ್ನು ನಿಲ್ಲಿಸಲೂ ಇಲ್ಲ. ಪೆರು ದೇಶದ ಪುರಾತನ ಅಸ್ಥಿಪಂಜರಗಳ ಮೂಳೆಗಳನ್ನು ಪರೀಕ್ಷಿಸಿ, ಆಧುನಿಕ ಮನುಷ್ಯನ ಮೂಳೆಯಲ್ಲಿ ಅದಕ್ಕಿಂತ ನೂರಾರು ಪಟ್ಟು ಸೀಸವಿದೆಯೆಂದು 1979ರಲ್ಲಿ ತೋರಿಸಿದರು. 1980ರಲ್ಲಿ ಡೊರೊತಿ ಸೆಟಲ್ ಅವರೊಂದಿಗೆ ಟ್ಯೂನಾ ಮೀನನ್ನು ಪರೀಕ್ಷಿಸಿದರು. ತಾಜಾ ಮೀನಿನ ಒಂದು ಗ್ರಾಂ ಮಾಂಸದಲ್ಲಿ ಸೀಸ ಕೇವಲ 0.3 ನ್ಯಾನೋಗ್ರಾಂ. ಸೀಸದ ಬೆಸುಗೆ ಹಾಕಿದ ಡಬ್ಬಿಯಲ್ಲಿಟ್ಟ ಅದೇ ಮೀನಿನಲ್ಲಿ 1400 ನ್ಯಾನೋಗ್ರಾಂ. ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು! ಆದರೆ ಬೇರೊಂದು ಪ್ರಯೋಗಾಲಯದವರು ತಾಜಾ ಮೀನಿನಲ್ಲೇ 400 ನ್ಯಾನೋಗ್ರಾಂ ಇದೆಯೆಂದು ಹೇಳಿದ್ದರು. ಅದು ಮೀನಿನ ಸೀಸವಲ್ಲ, ಅವರ ಪ್ರಯೋಗಾಲಯದ ಸೀಸ. ತಮ್ಮ ಮನೆಯ ಕೊಳೆಯನ್ನೇ ಮೀನಿನ ಲೆಕ್ಕಕ್ಕೆ ಬರೆದಿದ್ದರು. ಹೀಗೆ ಬರೆದದ್ದರಿಂದ ಡಬ್ಬಿಯ ಮೀನು ತಾಜಾ ಮೀನಿಗಿಂತ ಸ್ವಲ್ಪ ಮಾತ್ರ ಕೆಟ್ಟದ್ದೆಂದು ಕಾಣುತ್ತಿತ್ತು. ಕೊಳೆಯಾದ ಕೈ ಕೊಳೆಯನ್ನು ಕಾಣಲಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ದೊರೆತ ಫಲ

1970ರಲ್ಲಿ ಅಮೆರಿಕ ಗಾಳಿಯ ಶುದ್ಧತೆಗಾಗಿ ಬಲವಾದ ಕಾನೂನು ತಂದಿತು. 1973ರಲ್ಲಿ ಪೆಟ್ರೋಲಿನ ಸೀಸವನ್ನು ಹಂತಹಂತವಾಗಿ ಇಳಿಸುವ ನಿಯಮ ಬಂತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 1976ರಲ್ಲಿ ನಿಯಮ ಊರ್ಜಿತವಾಯಿತು. ನಾವು ನ್ಯಾಯವಾಗಿಯೇ ಹೇಳಬೇಕು, ಈ ಗೆಲುವು ಒಬ್ಬರದೇ ಅಲ್ಲ. 1975ರಿಂದ ಹೊಸ ಕಾರುಗಳಿಗೆ ಬಂದ ಹೊಗೆ ಶುದ್ಧೀಕರಣ ಸಾಧನವು ಸೀಸದ ಪೆಟ್ರೋಲಿನಿಂದ ಹಾಳಾಗುತ್ತಿತ್ತು. ಅದೂ ಒಂದು ಕಾರಣವಾಯಿತು. ಮಕ್ಕಳ ಹಾಲುಹಲ್ಲುಗಳಲ್ಲಿನ ಸೀಸಕ್ಕೂ ಅವರ ಕಲಿಕೆಗೂ ಇರುವ ಸಂಬಂಧವನ್ನು 1979ರಲ್ಲಿ ತೋರಿಸಿದ ಡಾ. ಹರ್ಬರ್ಟ್ ನೀಡಲ್‌ಮನ್ ಅವರಂಥವರ ಶ್ರಮವೂ ಇದೆ. ಆದರೆ ಸಹಜ ಯಾವುದು, ಮಾಲಿನ್ಯ ಯಾವುದು ಎಂಬ ಗೆರೆಯನ್ನು ಎಳೆದವರು ಪ್ಯಾಟರ್ಸನ್.

ಫಲಿತಾಂಶ ಕಣ್ಣೆದುರಿಗಿದೆ. 1976-80ರಲ್ಲಿ ಅಮೆರಿಕನ್ನರ ಒಂದು ಡೆಸಿಲೀಟರ್ ರಕ್ತದಲ್ಲಿ ಸರಾಸರಿ 12.8 ಮೈಕ್ರೋಗ್ರಾಂ ಸೀಸವಿತ್ತು. 1988-91ರ ವೇಳೆಗೆ ಅದು 2.8ಕ್ಕೆ ಇಳಿಯಿತು. ಅಂದರೆ ಶೇ. 78ರಷ್ಟು ಇಳಿಕೆ. ಆಹಾರದ ಡಬ್ಬಿಗಳಿಗೆ ಸೀಸದ ಬೆಸುಗೆ ಹಾಕುವುದೂ ನಿಂತಿತು. 1996ರ ಜನವರಿ 1ರಿಂದ ಅಮೆರಿಕದ ರಸ್ತೆಗಳಲ್ಲಿ ಓಡುವ ವಾಹನಗಳಿಗೆ ಸೀಸದ ಪೆಟ್ರೋಲನ್ನು ಪೂರ್ಣವಾಗಿ ನಿಷೇಧಿಸಲಾಯಿತು.

ಆ ದಿನವನ್ನು ನೋಡಲು ಪ್ಯಾಟರ್ಸನ್ ಅವರು ಇರಲಿಲ್ಲ. ಅದಕ್ಕೆ ನಾಲ್ಕೇ ವಾರಗಳ ಮುಂಚೆ, 1995ರ ಡಿಸೆಂಬರ್ 5ರಂದು, ಕ್ಯಾಲಿಫೋರ್ನಿಯಾದ ಸಮುದ್ರ ತೀರದ ತಮ್ಮ ಮನೆಯಲ್ಲಿ ಉಬ್ಬಸದಿಂದ ಅವರು ನಿಧನರಾದರು. ಆಗ ಅವರಿಗೆ 73 ವರ್ಷ. ಅದೇ ವರ್ಷ ಪರಿಸರ ಕ್ಷೇತ್ರದ ಪ್ರತಿಷ್ಠಿತ ಟೈಲರ್ ಪ್ರಶಸ್ತಿ ಅವರಿಗೆ ಸಂದಿತ್ತು. 1987ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತ್ತು. ಒಂದು ಕ್ಷುದ್ರಗ್ರಹಕ್ಕೆ ಅವರ ಹೆಸರಿಡಲಾಗಿದೆ. ಗೌರವ ತಡವಾಗಿ ಬಂತು, ಆದರೆ ಬಂತು.

ನಮ್ಮ ನಾಡಿನಲ್ಲಿ

ಇದು ದೂರದ ಅಮೆರಿಕದ ಕಥೆ, ನಮಗೇನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮೊದಲು ಬಂದದ್ದು 1995ರಲ್ಲಿ, ಅದೂ ನಾಲ್ಕು ಮಹಾನಗರಗಳಿಗೆ ಮಾತ್ರ. ಇಡೀ ದೇಶಕ್ಕೆ ಬಂದದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 1999ರ ಫೆಬ್ರವರಿಯಲ್ಲಿ, ಸೀಸದ ವಿಷ ತಡೆಯುವ ಬಗ್ಗೆ ನಮ್ಮ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಜಗತ್ತಿನಲ್ಲಿ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ. ಅದು 2021ರ ಜುಲೈನಲ್ಲಿ. ಮಿಜ್ಲಿ ಅವರ ಸಂಶೋಧನೆಯಿಂದ ಅಂದಿಗೆ ನೂರು ವರ್ಷವಾಗುತ್ತಾ ಬಂದಿತ್ತು.

ಪೆಟ್ರೋಲಿನಿಂದ ಸೀಸ ಹೋಯಿತು, ಆದರೆ ನಮ್ಮ ಸುತ್ತಲಿಂದ ಹೋಗಿಲ್ಲ. 2020ರಲ್ಲಿ ಯುನಿಸೆಫ್ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ಅವರಲ್ಲಿ ಬಹಳಷ್ಟು ಮಕ್ಕಳು ನಮ್ಮ ದೇಶದವರು. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಚಿಕ್ಕ ಚಿಕ್ಕ ಭಟ್ಟಿಗಳು, ಹಳೆಯ ಗೋಡೆ ಬಣ್ಣಗಳು ಇದಕ್ಕೆ ಕಾರಣಗಳಲ್ಲಿ ಸೇರಿವೆ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಗೋಡೆಗಳು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಇನ್ನೂ ಇವೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಕಣ್ಣಿಗೆ ಹಚ್ಚುವ ಸುರ್ಮಾ. ಎಲ್ಲ ಸುರ್ಮಾದಲ್ಲೂ ಸೀಸವಿದೆಯೆಂದು ನಾನು ಹೇಳುವುದಿಲ್ಲ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಸುರ್ಮಾಗಳನ್ನು ಗೆಲೀನಾ ಎಂಬ ಹೊಳೆಯುವ ಕಪ್ಪು ಕಲ್ಲಿನಿಂದ ತಯಾರಿಸುತ್ತಾರೆ. ಗೆಲೀನಾ ಸೀಸದ ಅದಿರು. ಮಗು ಕಣ್ಣುಜ್ಜಿ ಅದೇ ಬೆರಳನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಪ್ರೀತಿಯಿಂದ ಹಚ್ಚಿದ್ದೇ ವಿಷವಾಗಬಾರದು. ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಓದಿ ಕೊಳ್ಳಿ. ಸೀಸ ಇಲ್ಲವೆಂಬ ಭರವಸೆ ಇಲ್ಲದಿದ್ದರೆ ಹಸುಗೂಸುಗಳಿಗೆ ಹಚ್ಚದಿರುವುದೇ ಒಳ್ಳೆಯದು. ಬ್ಯಾಟರಿ ಕೆಲಸ ಮಾಡುವ ಸಹೋದರರು ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಬಾರದು. ಮೊದಲು ಕೈ, ಮುಖ ತೊಳೆದು ಬಟ್ಟೆ ಬದಲಿಸಬೇಕು. ಮಕ್ಕಳನ್ನು ಭಟ್ಟಿಯ ಹತ್ತಿರ ಬಿಡಲೇಬಾರದು.

ಭೂಮಿಗೆ ಸೇರಿದ ಸೀಸವನ್ನು ತೆಗೆಯುವ ದಾರಿಗಳನ್ನೂ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಸಾಸಿವೆಯಂತಹ ಗಿಡಗಳ ಬೇರುಗಳ ಮೂಲಕ ಮಣ್ಣಿನ ಭಾರಲೋಹಗಳನ್ನು ಹೀರಿಸುವ ಪ್ರಯೋಗಗಳು ನಡೆದಿವೆ. ಆದರೆ ಸೀಸ ಒಂದು ಮೂಲಧಾತು. ಅದು ಕೊಳೆಯುವುದಿಲ್ಲ, ಸುಟ್ಟರೂ ಇಲ್ಲವಾಗುವುದಿಲ್ಲ. ಹೀರಿಕೊಂಡ ಗಿಡವನ್ನೂ ಜೋಪಾನವಾಗಿ ವಿಲೇವಾರಿ ಮಾಡಬೇಕು. ಹರಡಿದ ಮೇಲೆ ಹೆಕ್ಕುವುದಕ್ಕಿಂತ ಹರಡದಂತೆ ತಡೆಯುವುದೇ ಲೇಸು. ಪ್ಯಾಟರ್ಸನ್ ಅವರು ಜೀವನವಿಡೀ ಹೇಳಿದ್ದೂ ಇದನ್ನೇ.

ವಿದ್ಯಾರ್ಥಿ ಮಿತ್ರರೇ, ಈ ಮಹನೀಯರ ಜೀವನದಿಂದ ನಾವು ಕಲಿಯುವುದೇನು? ಅವರು ಜಗತ್ತಿನ ಕೊಳೆಯನ್ನು ತೋರಿಸುವ ಮುಂಚೆ ತಮ್ಮ ಮೇಜನ್ನು, ತಮ್ಮ ಪಾತ್ರೆಯನ್ನು, ತಮ್ಮ ಕೈಯನ್ನು ತೊಳೆದುಕೊಂಡರು. ಆದ್ದರಿಂದಲೇ ಅವರ ಮಾತನ್ನು ಯಾರೂ ಸುಳ್ಳು ಮಾಡಲಾಗಲಿಲ್ಲ. ಮುಂದಿನ ಸಲ ಪ್ರಯೋಗಾಲಯದಲ್ಲಿ ನಿಮ್ಮ ಅಳತೆ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಪಕ್ಕದವರ ಪುಸ್ತಕವನ್ನು ನೋಡಬೇಡಿ. ಬಂದದ್ದನ್ನೇ ಬರೆಯಿರಿ. ಏಕೆ ಹಾಗೆ ಬಂತೆಂದು ನಿಮ್ಮ ಶಿಕ್ಷಕರನ್ನು ಕೇಳಿ. ಎರಡು ಅಂಕ ಹೋದರೆ ಹೋಗಲಿ. ಪ್ಯಾಟರ್ಸನ್ ಅವರೂ ಹೊಂದದ ಅಂಕಿಯೊಂದನ್ನು ಅಳಿಸದೆ ಉಳಿಸಿಕೊಂಡಿದ್ದರಿಂದಲೇ ಇಂದು ಕೋಟ್ಯಂತರ ಮಕ್ಕಳು ಶುದ್ಧವಾದ ಗಾಳಿಯನ್ನು ಉಸಿರಾಡುತ್ತಿದ್ದಾರೆ.